ನಮ್ಮ ಓಣಿಯ ದವಾಖಾನೆ

ಹಾಲು ತರಲು ಹೋಗಿದ್ದ ನನ್ನ ಯಜಮಾನರು ಮಳೆಗಾಲದ ಒಂದು ಬೆಳಿಗ್ಗೆ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದರು. ನಾನು ನಕ್ಕಾಗಲೇ ಅವರು ಕೆಳಗೆ ನೋಡಿಕೊಂಡದ್ದು. “ಅಯ್ಯ, ಇದ್ಯಾವಾಗ ಕಳೀತು? ನನಗ ಗೊತ್ತೇ ಆಗಿಲ್ಲಲ್ಲ!” ಎಂದರು. ಆ ನಗುವಿಗಾಗಿ ನನ್ನನ್ನು ನಾನು ಇಂದಿಗೂ ಕ್ಷಮಿಸಿಕೊಂಡಿಲ್ಲ. ಸಂಜೆಯೊಳಗೆ ಅವರ ಕಾಲುಗಳು ನಿಲ್ಲದಾದವು. ಮೂರನೆಯ ದಿನ ಉಸಿರಿಗೂ ಯಂತ್ರ ಬೇಕಾಯಿತು.

ಓದುಗ ಮಿತ್ರರೇ, ಈ ರೋಗ ನಮ್ಮ ಹೊಸ್ತಿಲಿಗೆ ಬರುವ ಮೊದಲೇ ಅದರ ಹೆಜ್ಜೆಯ ಸಪ್ಪಳ ಕೇಳಿಸಿಕೊಂಡವಳೊಬ್ಬಳಿದ್ದಳು. ಅವಳೇ ಸುನಂದಾ, ಓಣಿಯ ತುದಿಯ ಸರಕಾರಿ ದವಾಖಾನೆಯ ನರ್ಸು. ಅಥಣಿಯವಳು, ವಿಜಯಪುರ ಬಿಟ್ಟು ಪುಣೆಯಲ್ಲಿ ಮೂವತ್ತು ವರ್ಷ ಕಳೆದ ನನಗೆ ಬರಿಯ ಕನ್ನಡ ಮಾತಿನ ನಂಟಿನಿಂದಲೇ ತಂಗಿಯಾದವಳು. ಆ ಮಳೆಗಾಲದ ಆರಂಭದಲ್ಲಿ ಅವಳು ಬಾಟಲಿಯೊಂದರಲ್ಲಿ ನೀರು ಹಿಡಿದುಕೊಂಡು ಮನೆಗೆ ಬಂದಳು.

“ಅಕ್ಕಾರ, ಭೇದಿ ಅಂತ ಬಂದವ್ರೆಲ್ಲಾ ಆ ಹಳೀ ಬಾವಿ ನೀರು ಕುಡಿಯೋ ಮಂದೀನೇ ಅದಾರ್ರಿ. ನನಗ ಭಾಳ ಅಂಜಿಕಿ ಆಗೇದ. ಈ ನೀರು ತಪಾಸ ಆಗಬೇಕು, ನೀವೂ ಬರ್ರಿ.”

ಇಬ್ಬರೂ ಪಾಲಿಕೆಯ ಆರೋಗ್ಯ ಕಚೇರಿಗೆ ಹೋದೆವು. ನೀರು ಪರೀಕ್ಷಿಸುತ್ತಿದ್ದವರು ನಿವೃತ್ತರಾಗಿದ್ದರು, ಆ ಕುರ್ಚಿಗೆ ಬೇರೆ ಯಾರೂ ಬಂದಿರಲಿಲ್ಲ. ಮೂವರ ಕೆಲಸವನ್ನು ಒಬ್ಬರೇ ಹೊತ್ತಿದ್ದ ಅಧಿಕಾರಿ ಕೆಟ್ಟವರೇನಲ್ಲ, ದಣಿದವರು. “ಪಾವಸಾಳ್ಯಾತ ಹೋತಚ, ಬಾಯಿ,” ಮಳೆಗಾಲದಲ್ಲಿ ಇದೆಲ್ಲ ಆಗುವುದೇ, ಎನ್ನುತ್ತಾ ಬಾಟಲಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು.

ಸುನಂದಾ ಮನೆಮನೆಗೆ ಹೋಗಿ ನೀರು ಕುದಿಸಿರೆಂದು ಬೇಡಿಕೊಂಡಳು. ನಾವೂ ಕುದಿಸಿದೆವು, ಆದರೆ ಬೆಳಗಿನ ತಿರುಗಾಟದಲ್ಲಿ, ಆ ಬಾವಿಯ ನೀರೇ ಬರುವ ಗುಡಿಯ ನಲ್ಲಿಗೆ ಬಾಯೊಡ್ಡುವ ಯಜಮಾನರ ಹಳೆಯ ರೂಢಿಯನ್ನು ತಡೆಯುವುದು ನನಗೆ ಹೊಳೆಯಲೇ ಇಲ್ಲ. ಅವರಿಗೂ ಹತ್ತಿದ ಭೇದಿ ಎರಡೇ ದಿನದಲ್ಲಿ ನಿಂತಿತ್ತು; ಚಪ್ಪಲಿ ಕಳೆದದ್ದು ಅದಾದ ಕೆಲವು ದಿನಗಳಿಗೆ. ಹೊಟ್ಟೆಯ ಸೋಂಕು ಹೋದ ಮೇಲೆ ದೇಹ ಕೆಲವೊಮ್ಮೆ ತನ್ನ ನರಗಳನ್ನೇ ವೈರಿಯೆಂದು ಬಗೆದು ತಿನ್ನುತ್ತದೆ ಎಂದು ಆಸ್ಪತ್ರೆಯ ವೈದ್ಯರು ಹೇಳಿದಾಗ, ಕಾಲಿಗೆ ತಾಗಿದ್ದು ತಲೆಗೆ ತಲುಪದ ಈ ಕಾಯಿಲೆ ನನ್ನವರಿಗಿಂತ ಮೊದಲೇ ನಮ್ಮ ನಾಡಿಗೆ ಅಂಟಿದೆಯಲ್ಲ ಎನ್ನಿಸಿತು.

ಓಣಿಯಲ್ಲಿ ಇನ್ನೂ ನಾಲ್ವರು ಇದೇ ರೋಗದಿಂದ ಹಾಸಿಗೆ ಹಿಡಿದ ಮೇಲೆ ಎಲ್ಲವೂ ಬಂದವು: ಟ್ಯಾಂಕರು, ಕ್ಯಾಮೆರಾ, ಬ್ಲೀಚಿಂಗ್ ಪುಡಿ, ದೊಡ್ಡ ಅಧಿಕಾರಿಗಳ ಕಾರು. ಬಾವಿಗೆ ಬೀಗ ಬಿತ್ತು. ಇಪ್ಪತ್ತಮೂರನೆಯ ದಿನ ನನ್ನವರು ಹೋದರು. ಹೊಸ ರೋಗಿಗಳು ಬರುವುದು ನಿಂತ ತಿಂಗಳೇ ಟ್ಯಾಂಕರೂ ನಿಂತಿತು; ಸುನಂದಾಳ ಗುತ್ತಿಗೆಯೂ ಮುಗಿಯಿತು. ಊರಿಗೆ ಹೊರಟವಳು ನನ್ನ ಕೈ ಹಿಡಿದುಕೊಂಡಳು.

“ನಾ ಇನ್ನಾ ಜೋರ್ಲೆ ಒದರಬೇಕಿತ್ತರಿ ಅಕ್ಕಾರ.”

“ಒದರಿದ್ದಿ ತಂಗಿ. ಕೇಳೋರಿರಲಿಲ್ಲ.”

ಈ ವರ್ಷದ ಮಳೆ ಮೊನ್ನೆ ಶುರುವಾಯಿತು. ಮೇಲಿನ ಮನೆಯ ಮಗು ಮುಂಜಾನೆಯಿಂದ ಮೂರು ಬಾರಿ ವಾಂತಿ ಮಾಡಿಕೊಂಡಿದೆ ಎಂದು ಅದರ ತಾಯಿ ಬಂದು ಹೇಳಿದಾಗ, ನಾನು ಛತ್ರಿಯನ್ನೂ ಹುಡುಕದೆ ದವಾಖಾನೆಗೆ ಓಡಿದೆ. ಬಾಗಿಲಿಗೆ ಬೀಗ. ಪಕ್ಕದ ಕಟ್ಟಡದ ಕಾವಲುಗಾರ ನನ್ನ ಒದ್ದೆ ತಲೆಯನ್ನು ಕಂಡು ಮರುಗಿದವನಂತೆ, ನನಗೆ ಧೈರ್ಯ ತುಂಬುವ ದನಿಯಲ್ಲೇ ಮರಾಠಿಯಲ್ಲಿ ಹೇಳಿದ:

“ಸಾಥ ಆಲೀ ಕೀ ಉಘಡತೀಲ, ಆಜಿ.”

ಸಾಂಕ್ರಾಮಿಕ ಬರಲಿ, ಆಗ ತೆರೆಯುತ್ತಾರೆ.