ನಾನು ಒದರಬೇಕು, ಇವರು ನಿಲ್ಲಬಾರದು

ನಮ್ಮೂರಿನ ಕೆನಾಲ್ ದಂಡೆಯ ಮೇಲೆ ನಾನು ಗಂಡನ ಹೆಗಲ ಮೇಲೆ ತಲೆಕೆಳಗಾಗಿ ಬಿದ್ದುಕೊಂಡು, ಒಂದಲ್ಲ ಎರಡಲ್ಲ, ಒಂಬತ್ತು ದಿನ ಬಾಯಿ ಬಾಯಿ ಬಡಿದುಕೊಂಡಿದ್ದೇನೆ. ಅದೂ ಬೆಳ್ಳಂಬೆಳಗ್ಗೆ, ಮಂದಿ ಹೊಲಕ್ಕೆ ಹೊರಡುವ ಹೊತ್ತಿಗೆ. ಮೊದಲ ದಿನ ಬಾಜೂ ಮನೆಯ ದೊಡ್ಡವ್ವ ತಲೆ ಮೇಲಿನ ಹುಲ್ಲಿನ ಹೊರೆಯನ್ನು ಅಲ್ಲೇ ಕೆಡವಿ ನಮ್ಮ ಹಿಂದೆ ಓಡಿಬಂದಳು.

"ಲೇ ಖೋಡಿ, ಆಕಿನ್ನ ಎಲ್ಲಿಗಿ ಒಯ್ಯಾಕತ್ತಿ? ಕೆನಾಲ್‌ನ್ಯಾಗ ಒಗಿತಿ ಏನ?"

"ಏನೂ ಆಗಿಲ್ರಿ ದೊಡ್ಡವ್ವಾ, ಪ್ರಾಕ್ಟೀಸ್ ನಡದೈತ್ರಿ" ಎಂದು ನಾನು ಇವರ ಬೆನ್ನ ಹಿಂದಿನಿಂದ ಕೂಗಿ ಹೇಳಿದೆ. ಆಕೆ ನಂಬಲಿಲ್ಲ. ನಂಬುವ ಹಾಗೂ ಇರಲಿಲ್ಲ ಬಿಡಿ.

ಇವರಿಗೆ ಅಗ್ನಿಶಾಮಕ ದಳದ ಹುಚ್ಚು ಹಿಡಿದದ್ದು ನಮ್ಮ ಮದುವೆಗಿಂತ ಮೊದಲೇ. ಒಂದು ಬೇಸಿಗೆಯಲ್ಲಿ ಮಮದಾಪುರದ ಹತ್ತಿರ ಮೇವಿನ ಬಣವೆಗೆ ಬೆಂಕಿ ಬಿದ್ದು, ಪಕ್ಕದ ಗುಡಿಸಲಿಗೂ ಹತ್ತಿಕೊಂಡಿತಂತೆ. ಗೋಕಾಕದಿಂದ ಗಾಡಿ ಬಂತು. ಅದರಿಂದ ಮೊದಲು ಇಳಿದವನು ಬೆಂಕಿ ಎಷ್ಟು ದೊಡ್ಡದು ಎಂದು ನೋಡಲಿಲ್ಲ, ನೀರು ಎಲ್ಲಿದೆ ಎಂದೂ ಕೇಳಲಿಲ್ಲ. "ಒಳಗ ಯಾರರೆ ಅದಾರೇನು?" ಎಂದು ಕೇಳಿದನಂತೆ. ಆ ಒಂದು ಮಾತಿಗೆ ಇವರು ಮರುಳಾದರು. ನನ್ನನ್ನು ನೋಡಲು ಮೂಡಲಗಿಗೆ ಬಂದಾಗಲೂ ಇದನ್ನೇ ಹೇಳಿದರು. ಕನ್ಯೆ ನೋಡಲು ಬಂದವರು ಅಡುಗೆ ಬರುತ್ತದಾ, ಎಷ್ಟು ಓದಿದ್ದೀ ಎಂದು ಕೇಳುತ್ತಾರೆ. ಈ ಮನುಷ್ಯ ಬಣವೆ ಸುಟ್ಟ ಕಥೆ ಹೇಳಿ ಅವಲಕ್ಕಿ ತಿಂದು ಎದ್ದು ಹೋದರು. ನನಗೆ ನಗು ಬಂತು, ಆಮೇಲೆ ಹಿಡಿಸಿತು.

ಮದುವೆಯಾದ ಮೇಲೆ ಅದು ನನ್ನ ಹುಚ್ಚೂ ಆಯಿತು. ನಾನು ಬ್ಲೌಸ್ ಹೊಲಿಯುವವಳು. ಮಷೀನು ತುಳಿಯುತ್ತ ಪ್ರಶ್ನೆ ಕೇಳುತ್ತಿದ್ದೆ, ಇವರು ಕುರಿಗಳಿಗೆ ಸೊಪ್ಪು ಹಾಕುತ್ತ ಉತ್ತರ ಹೇಳುತ್ತಿದ್ದರು. ಉಸಿರು ಎಳೆದಾಗ ಎದೆ ಐದು ಸೆಂಟಿಮೀಟರ್ ಹಿಗ್ಗಬೇಕು ಎಂಬ ನಿಯಮ ಓದಿದ ದಿನದಿಂದ ನನ್ನ ಅಳತೆ ಟೇಪು ಗಿರಾಕಿಗಳಿಗಿಂತ ಇವರ ಎದೆಯ ಮೇಲೆಯೇ ಹೆಚ್ಚು ಇರುತ್ತಿತ್ತು. ನಾಲ್ಕಕ್ಕೆ ನಿಂತರೆ ಬೈಯುತ್ತಿದ್ದೆ. ಟೇಪನ್ನು ಸಡಿಲ ಹಿಡಿದು ಐದು ತೋರಿಸು ಎಂದು ಇವರು ಒಂದು ದಿನವೂ ಹೇಳಲಿಲ್ಲ. ಹೇಳಿದ್ದರೆ ನಾನು ತೋರಿಸಿಬಿಡುತ್ತಿದ್ದೆನೋ ಏನೋ.

ಲಿಖಿತ ಪರೀಕ್ಷೆ ಮುಂದೆ ಹೋಯಿತು, ಮತ್ತೆ ಮುಂದೆ ಹೋಯಿತು. ಬರೆದಾದ ಮೇಲೆ ಓಟ, ಆಮೇಲೆ ವೈದ್ಯಕೀಯ, ಆಮೇಲೆ ಕಾಗದಪತ್ರ. ಕೊನೆಗೆ ಆಯ್ಕೆ ಪಟ್ಟಿ ಯಾವುದೋ ತಕರಾರಿನಲ್ಲಿ ಸಿಕ್ಕಿಬಿದ್ದು ಅಲ್ಲಾಡದೆ ಕುಳಿತಿತು. ಇವರು ಮಾತ್ರ ದಿನಾ ಬೆಳಿಗ್ಗೆ ಎದ್ದು ಓಡುವುದನ್ನು ಬಿಡಲಿಲ್ಲ. "ಇನ್ನ ಯಾಕ ಓಡತೀರಿ, ಓಟದ ಪರೀಕ್ಷೆ ಮುಗದೈತಲ್ರಿ" ಎಂದರೆ "ಬೆಂಕಿ ಮುಗದಿಲ್ಲಲ್ಲ" ಎನ್ನುತ್ತಿದ್ದರು. ಅಂತೂ ಪಟ್ಟಿಯಲ್ಲಿ ಹೆಸರು ಬಂದು ತರಬೇತಿಗೆಂದು ಬೆಂಗಳೂರಿನ ಬಸ್ಸು ಹತ್ತುವ ಹೊತ್ತಿಗೆ ಮತ್ತೊಮ್ಮೆ ಅರ್ಜಿ ಹಾಕುವ ವಯಸ್ಸು ಮೀರಿಹೋಗಿತ್ತು. ಇದು ತಪ್ಪಿದರೆ ಇನ್ನೊಂದು ಇಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ ಅಷ್ಟೇ.

ತರಬೇತಿಯ ಮೊದಲ ತಿಂಗಳು ಫೋನಿನಲ್ಲಿ ಇವರ ದನಿಯೇ ಬೇರೆಯಾಗಿತ್ತು. "ಇಲ್ಲಿ ಮನಷ್ಯಾರನ್ನ ಹೊತಗೊಂಡು ಓಡೂದು ಕಲಸಾಕತ್ತಾರ. ಅವ್ವಗ ಹೇಳು, ನಾವು ಕುರಿ ಹೊರತೇವಲ್ಲ, ಥೇಟ್ ಹಂಗ ಐತಿ" ಎಂದರು. ಇವರದು ತಲೆತಲಾಂತರದಿಂದ ಕುರಿ ಕಾಯುವ ಮನೆ. ಕುಂಟುವ ಕುರಿಯನ್ನು ಕೊರಳ ಹಿಂದೆ ಅಡ್ಡ ಹಾಕಿಕೊಂಡು, ಮುಂಗಾಲು ಹಿಂಗಾಲು ಸೇರಿಸಿ ಎದೆಯ ಮೇಲೆ ಒಂದೇ ಕೈಯಲ್ಲಿ ಹಿಡಿದು ಹರದಾರಿಗಟ್ಟಲೆ ನಡೆಯುತ್ತಾರೆ. ಹೊಗೆ ತುಂಬಿದ ಮನೆಯಿಂದ ಮನುಷ್ಯರನ್ನು ತರುವುದೂ ಹಾಗೆಯೇ, ಒಂದು ಕೈ ಏಣಿ ಹಿಡಿಯಲು ಖಾಲಿ ಇರಬೇಕು. ಅತ್ತೆ ಇದನ್ನು ಕೇಳಿ ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು. "ಬೆಂಗಳೂರಾಗಿನ ಸಾಹೇಬ್ರು ನಮ್ಮ ವಿದ್ಯಾ ಕಲತಾರ" ಎಂದು.

ತರಬೇತಿ ಮುಗಿಯಲು ಇನ್ನು ಸ್ವಲ್ಪ ದಿನ ಇರುವಾಗ ಇವರು ರಜೆಯ ಮೇಲೆ ಬಂದರು. ಮೈ ಗಟ್ಟಿಯಾಗಿತ್ತು, ಮುಖ ಮಾತ್ರ ಬಾಡಿತ್ತು. ಮರುದಿನ ಊಟಕ್ಕೆ ಕುಳಿತಾಗ ರೊಟ್ಟಿ ಮುರಿಯುತ್ತ ಹೇಳಿದರು. ಹೊತ್ತು ಓಡುವ ಪರೀಕ್ಷೆಯಲ್ಲಿ ಹೆಗಲ ಮೇಲಿರುವವನಿಗೆ ನರಳುವ ನಾಟಕ ಮಾಡಲು ಹೇಳಿರುತ್ತಾರೆ. ಅವನು "ಅಯ್ಯೋ" ಎಂದ. ಇವರು ನಿಂತರು. ದಾಟಬೇಕಾದ ಗೆರೆ ಇನ್ನೂ ದೂರ ಇರುವಾಗಲೇ ಅವನನ್ನು ಮೆಲ್ಲಗೆ ಕೆಳಗಿಳಿಸಿ, ಮೊಣಕಾಲೂರಿ ಕುಳಿತು, "ಎಲ್ಲೆ ನೋವಾತು?" ಎಂದು ಕೇಳಿದರು. ಇಡೀ ಮೈದಾನ ನಕ್ಕಿತು. ಎರಡನೆಯ ಸಲವೂ ಅದೇ ಆಯಿತು. ತರಬೇತಿ ಕೊಡುವವರು ಸಿಟ್ಟಿಗೆದ್ದು "ಬೆಂಕಿ ಮಧ್ಯೆ ಇಳಿಸಿ ಕ್ಷೇಮಸಮಾಚಾರ ಕೇಳ್ತೀಯೇನಯ್ಯಾ?" ಎಂದರಂತೆ. ರಜೆ ಮುಗಿಸಿ ಹೋದ ಮೇಲೆ ಕೊನೆಯದೊಂದು ಅವಕಾಶ. ಆಗಲೂ ನಿಂತರೆ ಗಂಟುಮೂಟೆ ಕಟ್ಟಿಕೊಂಡು ಮನೆಗೆ.

ನನಗೆ ತಲೆ ಕೆಟ್ಟುಹೋಯಿತು. ಕೈಕಾಲು ಸೋತು ನಿಂತಿದ್ದರೆ ಬೇರೆ ಮಾತು. ಕಲ್ಲಿನಂಥ ಹೆಗಲಿಟ್ಟುಕೊಂಡು ಒಂದು "ಅಯ್ಯೋ"ಗೆ ಇಷ್ಟು ವರ್ಷದ ಓಟ, ಓದು, ಅಳತೆ ಎಲ್ಲ ನೀರುಪಾಲು ಮಾಡುವುದೆಂದರೆ! ಬಾಯಿಗೆ ಬಂದದ್ದೆಲ್ಲ ಅಂದೆ. ಇವರು ತಲೆ ತಗ್ಗಿಸಿ ರೊಟ್ಟಿ ನೋಡುತ್ತ ಕುಳಿತರು.

ಅತ್ತೆ ನನ್ನನ್ನು ಹಿತ್ತಲಿಗೆ ಕರೆದರು. ಸಣ್ಣವರಿದ್ದಾಗ ಇವರು ಗಬ್ಬದ ಕುರಿಯೊಂದನ್ನು ಹೊತ್ತು ಹಳ್ಳ ದಾಟಿಸುತ್ತಿದ್ದರಂತೆ. ಕುರಿ ಒದರುತ್ತಲೇ ಇತ್ತು. ಅಂಜಿಕೊಂಡಿದೆ ಎಂದು ತಿಳಿದು ಇವರು ನಿಲ್ಲದೆ ನಡೆದರು. ಹೊಟ್ಟೆಗೆ ಹೆಗಲು ಒತ್ತಿ ಮರಿ ಹೋಯಿತು.

"ಅಂಜಿ ಒದರೂದು ಬ್ಯಾರೆ, ನೋವಿಗಿ ಒದರೂದು ಬ್ಯಾರೆ, ಯವ್ವಾ. ಅವತ್ತಿನಿಂದ ಅಂವ ಕಿವಿಗೊಟ್ಟು ಕೇಳಿ ಎರಡೂ ಗುರುತಾ ಹಿಡಿತಾನ. ಹಿಡದ್ರೂ ನಿಲ್ಲತಾನ. ಕಾಲ ಕೇಳೂದಿಲ್ಲ ಅವಂದು" ಎಂದರು ಅತ್ತೆ.

ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಒಳಗೆ ಬಂದು ಇವರ ಮುಂದೆ ನಿಂತು "ನಾಳಿಂದ ನನ್ನ ಹೊತಗೊಂಡು ಓಡ್ರಿ. ನಾ ಒದರತೇನಿ. ನೀವು ನಿಲ್ಲಬ್ಯಾಡ್ರಿ" ಎಂದೆ.

ಹಾಗೆ ಶುರುವಾಯಿತು ಕೆನಾಲ್ ದಂಡೆಯ ನಾಟಕ. ಜಾಲಿ ಗಿಡದಿಂದ ತೂಬಿನ ತನಕ ಓಡಬೇಕು. ನಾನು ತವರಿನಿಂದ ತಂಗಿಯ ಹಳೆಯ ಚೂಡಿದಾರ ತರಿಸಿಕೊಂಡೆ, ಚಹಾ ಕೂಡ ಕುಡಿಯದೆ ಹೋಗುತ್ತಿದ್ದೆ. ಮೊದಲ ದಿನ ಇವರು ಹತ್ತು ಹೆಜ್ಜೆಗೇ ನಿಂತರು. ಎರಡನೆಯ ದಿನವೂ ಅಷ್ಟೇ. "ಸತ್ತೆ", "ಯವ್ವಾ", "ಬಿಡ್ರೋ" ಎಲ್ಲ ಕೂಗಿ ಕೂಗಿ ನನಗೆ ಬೇಸರವಾಯಿತು. ಮೂರನೆಯ ದಿನ ಮನಸ್ಸಿನಲ್ಲಿದ್ದ ದೂರುಗಳನ್ನೇ ಒದರಲು ಶುರುಮಾಡಿದೆ. "ಗೋಕಾಕ ಫಾಲ್ಸ್ ತೋರಸ್ತೇನಿ ಅಂದು ನಾಕ ವರ್ಷ ಆತು, ಇನ್ನೂ ತೋರಿಸಿಲ್ಲಾ! ನನ್ನ ತವರಮನಿಗಿ ಬಂದ್ರ ಒಂದ ತಾಸ ಕುಂದ್ರೂದಿಲ್ಲಾ!" ಊರಿಗೆ ಊರೇ ಕೇಳಿಸಿಕೊಂಡಿತು. ಇವರು ನಗು ತಡೆಯಲಾಗದೆ ನಿಂತುಬಿಟ್ಟರು. ನಗುವಿಗೂ ನಿಲ್ಲಬಾರದು ಎಂದು ಹೊಸ ನಿಯಮ ಮಾಡಿದೆವು. ಆರನೆಯ ದಿನ ತೂಬು ಮುಟ್ಟಿದರು. ದೊಡ್ಡವ್ವ ಆ ದಿನ ಹುಲ್ಲಿನ ಹೊರೆಯನ್ನು ತಾನಾಗಿಯೇ ಇಳಿಸಿ, ನಿಂತು ನೋಡಿ, "ಭೇಷ್" ಎಂದಳು.

ಒಂಬತ್ತನೆಯ ದಿನ ತುಂತುರು ಹನಿದು ದಂಡೆಯ ಮಣ್ಣು ಜಾರುತ್ತಿತ್ತು. ಅರ್ಧ ದಾರಿಯಲ್ಲಿ ಇವರ ಕಾಲು ಜಾರಿತು. ಬೀಳಲಿಲ್ಲ, ಮೊಣಕಾಲು ಬಗ್ಗಿ ಸಾವರಿಸಿಕೊಂಡರು. ಆ ಹೊಡೆತಕ್ಕೆ ಇವರ ಹೆಗಲೆಲುಬು ನನ್ನ ಎಡ ಪಕ್ಕೆಗೆ ಬಡಿಯಿತು. ಒಂದು ಗಳಿಗೆ ಉಸಿರೇ ನಿಂತಿತು. ಆಮೇಲೆ ನನ್ನ ಬಾಯಿಂದ ಬಂದದ್ದು ನಾಟಕದ ಕೂಗಲ್ಲ. ಇವರ ಹೆಜ್ಜೆ ತಡೆದದ್ದು ನನ್ನ ಮೈಗೆ ತಿಳಿಯಿತು. ನಿಲ್ಲುತ್ತಾರೆ, ಎಲ್ಲ ಹೋಯಿತು, ಎಂದುಕೊಂಡೆ. ನಿಲ್ಲಲಿಲ್ಲ. ತೂಬಿನವರೆಗೆ ಒಂದೇ ಸಮನೆ ಓಡಿದರು.

ಇಳಿಸಿದಾಗ ನಾನು ವೇಲಿನಲ್ಲಿ ಮುಖ ಒರೆಸಿಕೊಂಡು "ಇವತ್ತ ಛಲೋ ಒದರಿದ್ನಿಲ್ಲರಿ?" ಎಂದು ನಕ್ಕೆ. ಇವರು ಕೆನಾಲ್ ನೀರು ನೋಡುತ್ತ ನಿಂತರು. ದಣಿವು ಇರಬೇಕು ಎಂದುಕೊಂಡೆ.

ನೋವಿನ ಮಾತು ಇವರಿಗೆ ಹೇಳಬಾರದು ಎಂದು ಅತ್ತೆಯಿಂದ ಆಣೆ ಮಾಡಿಸಿಕೊಂಡೆ. ಅವರು ಹೆಂಚಿನ ಮೇಲೆ ಉಪ್ಪು ಕಾಯಿಸಿ ಬಟ್ಟೆಯಲ್ಲಿ ಕಟ್ಟಿ ಕಾವು ಕೊಟ್ಟರು. ಇವರು ಬೆಂಗಳೂರಿಗೆ ಹೋದ ಮೇಲೆ ಮೂಡಲಗಿಗೆ ಹೋಗಿ ಡಾಕ್ಟರಿಗೆ ತೋರಿಸಿದೆ. ಪಕ್ಕೆಲುಬು ಬಿರಿದಿತ್ತು. ತವರಿನಲ್ಲಿ ಮಲಗಿಕೊಂಡೇ ಫೋನಿನಲ್ಲಿ "ತಂಗಿ ಕುಬಸಕ್ಕ ಬಂದೇನ್ರಿ" ಎಂದು ಸೀಮಂತದ ಸುಳ್ಳು ಹೇಳಿದೆ. ಸೀನು ಬಂದರೆ ಮಾತ್ರ ಫೋನು ದೂರ ಹಿಡಿದು ಹಲ್ಲು ಕಚ್ಚುತ್ತಿದ್ದೆ. ಆ ವಾರವೇ ಇವರ ಫೋನು ಬಂತು. "ಗೆರಿ ದಾಟಿದ್ನಿ" ಎಂದರು. ಅಷ್ಟೇ ಎರಡು ಶಬ್ದ. ನನಗೆ ಜೋರಾಗಿ ನಗಬೇಕೆನಿಸಿತು, ಪಕ್ಕೆ ಬಿಡಲಿಲ್ಲ.

ಈಗ ನಾವು ಹುಕ್ಕೇರಿಯಲ್ಲಿದ್ದೇವೆ. ಖಾಕಿ ಪ್ಯಾಂಟಿನ ಸೊಂಟವನ್ನು ನಾನೇ ಬಿಗಿ ಮಾಡಿ ಹೊಲಿದುಕೊಟ್ಟೆ. ಬೂಟು ಹಾಕಿಕೊಂಡು ಹೊರಟಾಗ ಇವತ್ತಿಗೂ ಕಿಡಕಿಯಿಂದ ಓಣಿಯ ತಿರುವಿನ ತನಕ ನೋಡುತ್ತೇನೆ. ಹೆಮ್ಮೆ ಎನ್ನಲು ನನಗೇನೂ ನಾಚಿಕೆ ಇಲ್ಲ. ಮೊದಲ ಎರಡು ವರ್ಷವೆಲ್ಲ ಬಣವೆ, ಕಬ್ಬಿನ ಹೊಲ, ಬಾವಿಗೆ ಬಿದ್ದ ಆಕಳು, ಇಷ್ಟೇ. ಹೊತ್ತು ಓಡುವ ಪ್ರಸಂಗ ಬರಲಿಲ್ಲ.

ಬಂದದ್ದು ಹೋದ ಬೇಸಿಗೆಯಲ್ಲಿ, ಒಂದು ಮಧ್ಯಾಹ್ನ. ಕಣಗಲಾ ಕಡೆಯ ಹಳ್ಳಿಯೊಂದರಲ್ಲಿ ಮನೆಗೆ ಬೆಂಕಿ. ಸಂಜೆ ಇವರು ಮನೆಗೆ ಬಂದಾಗ ಮೈಯೆಲ್ಲ ಹೊಗೆಯ ವಾಸನೆ. ಸ್ನಾನ ಮಾಡಿ ಬಂದರು. ತಾಟು ಹಾಕಿಕೊಟ್ಟೆ. ಒಂದು ತುತ್ತು ಬಾಯಿಗಿಟ್ಟು ಹೇಳಿದರು.

"ಒಳಗ ಒಬ್ಬಾಕಿ ಮುದುಕಿ ಇದ್ಲು. ತೊಲಿ ಬಿದ್ದು ಕಾಲ ಮುರದಿತ್ತು. ಹೊತಗೊಂಡು ಬರೂಮುಂದ ದಾರಿ ತುಂಬ ಒದರಿದ್ಲು. ಅಂಜಿ ಒದರಿದ್ದಲ್ಲ ಅದು."

"ನಿಂತ್ರೇನ್ರಿ?" ಎಂದೆ.

"ಇಲ್ಲ. ರಸ್ತಾಕ್ಕ ಬಂದ ಇಳಿಸಿದ್ನಿ. ಜೀವಕ್ಕೇನೂ ಆಗಿಲ್ಲ." ರೊಟ್ಟಿ ಮುರಿಯುತ್ತ ಮುಂದುವರಿಸಿದರು. "ಮಳಿ ಹನದಿತ್ತಲ್ಲ, ಅವತ್ತ ಕೆನಾಲ್ ದಂಡಿ ಮ್ಯಾಲ ನೀ ಒದರಿದಿ. ಹಂಗ ಇತ್ತು."

ಮೂರು ವರ್ಷದಿಂದ ನಾನೂ ಅತ್ತೆಯೂ ಬಚ್ಚಿಟ್ಟುಕೊಂಡು ಬಂದ ಗುಟ್ಟು ಅದು.

"ನಿಮಗ ಗೊತ್ತಿತ್ತೇನ್ರಿ?"

"ಒದರಿದಾಗನ ಗೊತ್ತಾತು."

"ಗೊತ್ತಾದ್ರೂ ನಿಲ್ಲಲಿಲ್ಲೇನ್ರಿ?"

"ನಿಂತಿದ್ರ ನಿನ್ನ ನೋವು ದಂಡ ಆಕ್ಕಿತ್ತು."

ನನಗೆ ಅಳು ತಡೆಯಲಾಗಲಿಲ್ಲ. ಹೆಗಲ ಮೇಲೆ ಎಂಟು ದಿನ ಸುಳ್ಳು ಸುಳ್ಳೇ ಒದರಿದವಳು ಅಂದು ಅಡುಗೆಮನೆಯ ಗೋಡೆಗೆ ಒರಗಿ ಖರೇ ಖರೇ ಅತ್ತುಬಿಟ್ಟೆ. ಇವರು ತಾಟು ಬದಿಗೆ ಸರಿಸಿ ಎದ್ದು ಬಂದರು. ನನ್ನ ಮುಂದೆ ಮೊಣಕಾಲೂರಿ ಕುಳಿತು, ಎಡ ಪಕ್ಕೆಯ ಮೇಲೆ ಮೆಲ್ಲಗೆ ಕೈಯಿಟ್ಟು ಕೇಳಿದರು.

"ಎಲ್ಲೆ ನೋವಾತು?"