ಏಣಿಗೂ ಬಸ್ ಚಾರ್ಜು

ಕೊಳ್ಳುವ ಮುಂಚೆ ಮನೆಯ ಗೋಡೆ, ಸೂರು, ವೈರಿಂಗು ಎಲ್ಲ ಪರೀಕ್ಷಿಸಿ ಹೇಳುತ್ತೇನೆ ಎಂದು ಹುಣಸೂರಿನ ನಮ್ಮ ಬಾಗಿಲಿಗೆ ನಾನು ಬೋರ್ಡು ಹಾಕಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಸಿವಿಲ್ ಡಿಪ್ಲೊಮಾ ಓದಿ, ಕಂಟ್ರಾಕ್ಟರರ ಆಫೀಸಿನಲ್ಲಿ ಬಿಲ್ಲು ಬರೆದೂ ಬರೆದೂ ತಲೆ ಕೆಟ್ಟು ಬಿಟ್ಟುಬಂದಿದ್ದೆ.

ನಮ್ಮತ್ತೆ ಕಟ್ಟೆಮಳಲವಾಡಿಯವರು, ಮಾತು ಬಲು ಖಾರ. "ಮನೆ ನೋಡಕ್ಕೆ ಯಾರವ್ವ ದುಡ್ಡು ಕೊಡ್ತಾರೆ? ಕಣ್ಣು ಎಲ್ರಿಗೂ ಅವೆ ಕಣ. ಒಗೆಸೊಪ್ಪಿನ ಮಾರ್ಕೆಟ್ ಮುಗಿಯೋಗಂಟ ನೋಡ್ತೀನಿ. ಕೈಗೆ ಕಾಸು ಅತ್ನಿಲ್ಲ ಅಂದ್ರೆ ನಿನ್ನ ಏಣಿ ಸೀಳಿ ಒಲೆಗಾಕ್ತೀನಿ, ನೀನು ಬಿಲ್ ಬರಿಯಕ್ಕೋಗು" ಎಂದರು.

ಖರ್ಚಂತೂ ಮೈಮೇಲೇ ಬರುತ್ತಿತ್ತು. ಬಸ್ಸಿನಲ್ಲಿ ನನಗೊಂದು ಟಿಕೆಟ್ಟು, ಬಿದಿರೇಣಿಗೆ ಲಗೇಜು. ಟಾರ್ಚಿಗೆ ಸೆಲ್ಲು. ಬುತ್ತಿಯೂ ನನ್ನದೇ, ಮಾರುವವರ ಮನೆಯಲ್ಲಿ ಉಂಡು ಅದೇ ಮನೆ ಬಿರುಕು ಬಿಟ್ಟಿದೆ ಎನ್ನಲು ನಾಲಿಗೆ ಹೊರಳುವುದಿಲ್ಲ. ಇಷ್ಟಾದರೂ ಕುಂದು ಸಿಕ್ಕರೆ ಮಾತ್ರ ಜನ ಫೀಸು ಕೊಡುತ್ತಿದ್ದರು! ಚುಂಚನಕಟ್ಟೆಯಲ್ಲಿ ಸೋರುವ ತಾರಸಿ ತೋರಿಸಿದ್ದಕ್ಕೆ ಕೈತುಂಬ ಕೊಟ್ಟರು. ಎಚ್.ಡಿ. ಕೋಟೆಯಲ್ಲಿ ಮನೆ ಗಟ್ಟಿಯಾಗಿದೆ ಎಂದಿದ್ದಕ್ಕೆ ಎಳನೀರು ಕುಡಿಸಿ ಕಳಿಸಿದರು. ಇಲ್ಲದ ಬಿರುಕು ಹುಟ್ಟಿಸಿಬಿಡಲೇ ಎನ್ನುವಷ್ಟು ಸಿಟ್ಟು ಬಂದಿತ್ತು ನನಗೆ.

ಹೊಗೆಸೊಪ್ಪಿನ ಹರಾಜು ನಡೆಯುವ ಮಾರ್ಕೆಟ್ ಮುಗಿಯುತ್ತ ಬಂತು. ಪಿರಿಯಾಪಟ್ಟಣದಲ್ಲಿ ನನ್ನ ನಾದಿನಿಯ ಗಂಡ ಹೊಗೆಸೊಪ್ಪಿನ ದುಡ್ಡಲ್ಲಿ ಹೆಂಚಿನ ಮನೆಯೊಂದನ್ನು ಕೊಳ್ಳಲು ಹೊರಟಿದ್ದ. ನನ್ನನ್ನು ಕರೆದ. "ಅದೇನು ನೋಡ್ತೀಯೋ ನಾನೂ ನೋಡೇಬುಡ್ತೀನಿ" ಎಂದು ಅತ್ತೆ ಜೊತೆಗೇ ಹೊರಟರು. ಅಲ್ಲಿ ಏಣಿಯ ಬುಡ ಹಿಡಿದವರೂ ಅವರೇ. ಹೆಂಚು ಸರಿಸಿ ತೊಲೆಗಳಿಗೆ ಗೆದ್ದಲು ಹತ್ತಿದೆಯೇ ನೋಡಿದೆ, ಗೋಡೆ ತಟ್ಟಿದೆ, ಬಚ್ಚಲಿಗೆ ನೀರು ಸುರಿದೆ. ಬೆಳಗ್ಗಿನ ಬಿಸಿಲೆಲ್ಲ ನನ್ನ ನೆತ್ತಿಗೇ. ಒಂದು ಕುಂದೂ ಸಿಗಲಿಲ್ಲ. ಹೋಯಿತು ನನ್ನ ಫೀಸು, ಹೋಯಿತು ನನ್ನ ಏಣಿ ಎಂದುಕೊಂಡೇ "ಧೈರ್ಯವಾಗಿ ತಗೊಳ್ಳಿ" ಎಂದೆ.

ಅವನು ನಕ್ಕ. "ಎಲ್ಲಾ ಸರಿಗೈತೆ ಅಂದ್ಮೇಲೆ ಫೀಸ್ ಯಾಕಕ್ಕ? ಬನ್ನಿ, ಊಟ ಮಾಡವ."

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಏಣಿ ಬಿಟ್ಟು ಸೊಂಟಕ್ಕೆ ಕೈಯಿಟ್ಟರು.

"ಅಲ್ಲ ಕಣ್ರೀ ಅಳಿಯಂದ್ರೇ, ಮದ್ವೆಗ್ ಮುಂಚೆ ಜಾತ್ಕ ನೋಡಿ ದೋಸ ಇಲ್ಲ ಅಂದ್ರಲ್ಲ ಜೋಯಿಸ್ರು, ದಕ್ಸಿಣೆ ಕೊಟ್ರೋ ಇಲ್ವೋ? ದೋಸ ಸಿಗ್ನಿಲ್ಲ ಅಂತ ವಾಪಸ್ ಇಸ್ಕೊಂಡ್ರಾ? ಬೆಳಗ್ಗಿಂದ ಸೂರ್ ಮ್ಯಾಲೆ ಒಣಗವ್ಳೆ ಇವ್ಳು. ಮಡಗಿ ಫೀಸ!"

ಅವನು ಎಲೆ ಅಡಿಕೆಯ ಜೊತೆ ತಟ್ಟೆಯಲ್ಲಿಟ್ಟು ಕೊಟ್ಟ, ಪೂರ್ತಿ ಫೀಸು. ಅಬ್ಬಾ, ಅವತ್ತಿನ ಖುಷಿಗೆ ಅತ್ತೆಯನ್ನು ಎತ್ತಿ ಕುಣಿಯುವುದೊಂದು ಬಾಕಿ! ಆಮೇಲೆ ಕೆ.ಆರ್. ನಗರವಿರಲಿ, ಕೋಟೆಯಿರಲಿ, ಏಣಿ ಒರಗಿಸುವ ಮೊದಲೇ ಜೋಯಿಸರ ಮಾತು ಹೇಳಿ ಫೀಸು ಇಡಿಸಿಕೊಳ್ಳುತ್ತಿದ್ದೆ. ಖರ್ಚು ಕಳೆದು ಲಾಭ ಕಾಣತೊಡಗಿದ್ದು ಅಲ್ಲಿಂದಲೇ.

ಅವತ್ತು ವಾಪಸು ಬರುವಾಗ ಬಸ್ಸಿನಲ್ಲಿ ಕಂಡಕ್ಟರ್ ಕೂಗಿದ: "ಏಣಿ ಯಾರ್ದ್ರೀ? ಲಗೇಜ್ ಆಗ್ತದೆ!"

ನಾನು ಪರ್ಸು ತೆಗೆಯುವ ಮೊದಲೇ ಅತ್ತೆ ಎಲೆ ಅಡಿಕೆ ಚೀಲ ಬಿಚ್ಚಿದ್ದರು. "ನಮ್ದು ಕಣಪ್ಪ. ತಗೋ ಚಾರ್ಜು. ಉಸಾರಾಗಿ ಇಳ್ಸು, ನಾಳೆ ಕೆಲ್ಸ ಐತೆ ಅದ್ಕೆ."