ಎಲೆಡಬ್ಬಿಯೊಳಗಿನ ಮಾತ್ರೆಗಳು

ನನ್ನ ಮೊಮ್ಮಗಳ ಲಿವರ್ ಸರಿಯಾಗಿದೆ! ಇದನ್ನು ಮೊದಲು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ಇವತ್ತು ಬೆಳಿಗ್ಗೆ ಸಾಗರದಲ್ಲಿ ಡಾಕ್ಟರು ರಕ್ತದ ರಿಪೋರ್ಟ್ ನೋಡಿ, "ಎಲ್ಲಾ ನಾರ್ಮಲ್. ಇನ್ನು ಏನು ಬೇಕಾದ್ರೂ ತಿನ್ಲಿ" ಅಂದರು. ಹೊಸನಗರಕ್ಕೆ ಬರುವ ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದ ಹೆಂಗಸಿಗೂ ಹೇಳಿದೆ, ಕಂಡಕ್ಟರಿಗೂ ಹೇಳಿದೆ. ಅವನು "ಒಳ್ಳೇದಾಯ್ತು ಅಜ್ಜಿ, ಟಿಕೆಟ್ ತಗಳಿ" ಅಂದ.

ಮನೆಗೆ ಬಂದು ಕೈಕಾಲು ತೊಳೆದು ಎಲೆಡಬ್ಬಿ ತೆರೆದೆ. ಸುಣ್ಣ, ಹೊಗೆಸೊಪ್ಪಿನ ಅಡಿಯಲ್ಲಿ ಇನ್ನೊಂದು ವಾಸನೆ ಇನ್ನೂ ಇದೆ. ಹಿಂದೆ ಮುರಿದಿಟ್ಟ ಅರ್ಧ ಮಾತ್ರೆಗಳ ಕಹಿ. ಮೂರು ಸಲ ಸೀಗೆಪುಡಿ ಹಾಕಿ ತಿಕ್ಕಿದರೂ ನನ್ನ ಮೂಗಿಗೆ ಅದು ಹೋಗಿಲ್ಲ.

ನಾನು ಓದಿದ್ದು ಮೂರನೇ ಕ್ಲಾಸು. ಮೈಯಲ್ಲಿ ಶಕ್ತಿ ಇರುವವರೆಗೂ ಅಡಿಕೆ ಸುಲಿಯಲು ಹೋದವಳು. ಸಿಪ್ಪೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಗಂಟೆಗಟ್ಟಲೆ ಕೂತರೆ ಸೊಂಟ ಯಾರ ಮಾತೂ ಕೇಳುವುದಿಲ್ಲ. ನಮ್ಮ ಹೆಂಗಸರಲ್ಲಿ ಒಂದು ರೂಢಿಯಿತ್ತು: ಎಲೆ ಕೇಳಿದವರಿಗೆ ಎಲೆ, ನೋವು ಅಂದವರಿಗೆ ಮಾತ್ರೆ, ಎರಡೂ ಒಂದೇ ಡಬ್ಬಿಯಿಂದ. ಜಾಗ ಸಾಲದೆ ನಾನು ಮಾತ್ರೆ ಶೀಟನ್ನು ಅಡಕತ್ತರಿಯಲ್ಲಿ ಒಂದೊಂದಾಗಿ ತುಂಡು ಮಾಡಿ ತುಂಬುತ್ತಿದ್ದೆ. ಹೆಸರು ಎಲ್ಲಿ ತುಂಡಾಯಿತೋ ಯಾರು ನೋಡಿದರು? ಬಿಳಿ ಉದ್ದದ್ದು ಜ್ವರಕ್ಕೆ, ಹಳದಿ ಶೀತಕ್ಕೆ, ಗುಂಡಗಿನದು ಮೈಕೈ ನೋವಿಗೆ. ಬಣ್ಣ ಬೇರೆ ಅಂದಮೇಲೆ ಔಷಧಿಯೂ ಬೇರೆ. ಇಷ್ಟೇ ನನ್ನ ವಿದ್ಯೆ. "ಡಾಕ್ಟ್ರಮ್ಮ ಬಂದ್ಲು, ಜಾಗ ಬಿಡ್ರೇ" ಅಂತ ನಗುತ್ತಿದ್ದರು. ಸುಳ್ಳೇಕೆ, ಹೆಮ್ಮೆಯೇ ಆಗುತ್ತಿತ್ತು.

ಹೋದ ತಿಂಗಳು ಮೊಮ್ಮಗಳು ಚೈತ್ರಾಗೆ ಜ್ವರ ಬಂತು. ಹತ್ತು ವರ್ಷದ ಮಗು. ಮೂಗು ಸೋರುತ್ತಿತ್ತು, ಕಾಲು ನೋವು ಅಂತ ಅಳುತ್ತಿದ್ದಳು. ಮಗ, ಸೊಸೆ ಸುಜಾತ ಇಬ್ಬರೂ ಕೆಲಸಕ್ಕೆ ಹೋದರೆ ಅವಳು ನನ್ನ ಕೈಲಿ. ಮೂರು ಕಾಯಿಲೆ, ಮೂರು ಮಾತ್ರೆ. ಜ್ವರ ಇಳಿಯದಿದ್ದರೆ ಮತ್ತೆ ಮೂರು. ಮೂರು ದಿನ ಅವಳ ಹೊಟ್ಟೆಗೆ ಗಂಜಿಗಿಂತ ಹೆಚ್ಚಾಗಿ ಮಾತ್ರೆಯೇ ಬಿತ್ತು. ನಾಲ್ಕನೇ ದಿನ ವಾಂತಿ ನಿಲ್ಲಲೇ ಇಲ್ಲ.

ಏನು ಕೊಟ್ಟಿರಿ ಅಂತ ಆಸ್ಪತ್ರೆಯಲ್ಲಿ ಕೇಳಿದಾಗ ಡಬ್ಬಿಯನ್ನೇ ಮೇಜಿನ ಮೇಲೆ ಸುರಿದೆ. ಡಾಕ್ಟರು ಚೂರುಗಳನ್ನು ಒಂದಕ್ಕೊಂದು ಜೋಡಿಸಿ ಓದಿದರು.

"ಅಜ್ಜಿ, ಇದ್ರಲ್ಲೂ ಪ್ಯಾರಾಸಿಟಮಾಲ್, ಇದ್ರಲ್ಲೂ ಅದೇ, ಇದ್ರಲ್ಲೂ ಅದೇ."

"ಅಂಗಡೀಲಿ ಸುಮ್ನೆ ಕೇಳಿದ್ರೂ ಕೊಡ್ತಾರಲ್ಲ ಸ್ವಾಮಿ, ಅದೆಂಥ ಮಾಡುತ್ತೆ?"

"ಅಳತೇಲಿ ಕೊಟ್ರೆ ಒಳ್ಳೇ ಔಷಧಿನೇ. ಮೀರಿದ್ರೆ ಲಿವರ್‌ಗೆ ಪೆಟ್ಟು. ಅದೂ ಊಟ ಬಿಟ್ಟ ಮಗು. ಮೊದಲ ಒಂದೆರಡು ದಿನ ಹೊರಗೆ ಗೊತ್ತೇ ಆಗಲ್ಲ."

ಅವಳ ಕೈಗೆ ಡ್ರಿಪ್ ಹಾಕಿದರು. ದಿನಾ ರಕ್ತ ತೆಗೆದರು. ಸುಜಾತ ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮನೆಗೆ ಬಂದಮೇಲೂ ನಾನು ಹಿಡಿದ ನೀರಿನ ಲೋಟವನ್ನು ಮೆಲ್ಲಗೆ ತೆಗೆದುಕೊಂಡು, "ಕೊಡಿ ಅತ್ತೆ, ನಾನೇ ಕುಡಿಸ್ತೀನಿ" ಅನ್ನುತ್ತಿದ್ದಳು. ಅವಳ ತಪ್ಪೇನು, ನೀವೇ ಹೇಳಿ.

ಮಲಗಿದಲ್ಲಿಂದಲೇ ಚೈತ್ರಾ ನನಗೆ ಪಾಠ ಶುರುಮಾಡಿದಳು. "ಕೋಲಿನ ತುದೀಲಿ ಹೊಟ್ಟೆ ಇದ್ರೆ ಅದು ಪಿ, ಅಜ್ಜಿ." ಅಲ್ಲಿಂದ ಹಿಡಿದು ಪ್ಯಾರಾಸಿಟಮಾಲ್ ಅನ್ನುವ ಆ ಒಂದು ಹೆಸರನ್ನು ಇಡಿಯಾಗಿ ಗುರುತಿಸಲು ಕಲಿತೆ. ಇಂಗ್ಲಿಷಿನಲ್ಲಿ ನನಗೆ ಬರುವುದು ಅದೊಂದೇ.

ಇವತ್ತು ಸಂಜೆ ಅವಳೇ ಕೇಳಿದ ಕಡುಬು, ಕೋಳಿ ಸಾರು. ಊಟಕ್ಕೆ ಎಲೆ ಹಾಕುವಾಗ ಮಗ ಹಣೆ ಒತ್ತಿಕೊಂಡು, "ಅಮ್ಮ, ತಲೆ ಸಿಡೀತದೆ, ಮಾತ್ರೆ..." ಅಂದವನು ಅಲ್ಲಿಗೇ ನಾಲಿಗೆ ಕಚ್ಚಿಕೊಂಡ. ನಾನು ಗೂಡಿನಿಂದ ತುಂಡು ಮಾಡದ ಶೀಟು ತಂದು, ದೀಪದ ಕೆಳಗೆ ಹಿಡಿದು ಓದಿದೆ.

"ಇದು ಅದೇ. ಬೆಳಿಗ್ಗೆಯಿಂದ ಬೇರೆ ಎಂಥಾದ್ರೂ ನುಂಗಿದ್ಯಾ?"

"ಈಗ ಬರ್ತಾ ಒಂದು, ಶೀತದ್ದು."

"ಹಂಗಾದ್ರೆ ಇದು ಬೇಡ. ಅದ್ರಲ್ಲಿ ಎಂಥ ಅದೆ ಅಂತ ಮೊದ್ಲು ನೋಡ್ಬೇಕು. ಉಣ್ಣು."

"ಅಜ್ಜಿ ಪಾಸ್!" ಅಂತ ಚೈತ್ರಾ ಕೂಗಿದಳು.

ಸುಜಾತ ಕಡುಬಿನ ತಟ್ಟೆ ಹಿಡಿದು ನಿಂತಿದ್ದಳು. ಒಂದು ಗಳಿಗೆ ನನ್ನನ್ನೇ ನೋಡಿ, ಅದನ್ನು ನನ್ನ ಕೈಗಿಟ್ಟಳು. "ಅತ್ತೆ, ಅವಳಿಗೆ ನೀವೇ ಬಡಿಸಿ."

ಬಡಿಸಿದೆ. ಕಡುಬಿನ ಮೇಲೆ ಸಾರನ್ನೂ ನಾನೇ ಹೊಯ್ದೆ. ನಾಲ್ಕೂ ಜನ ಒಟ್ಟಿಗೆ ಕೂತು ಉಂಡೆವು.